ಸಾಬವ್ವನ ಎರಡು ಫೈಲು

ಯಾರದೋ ಮೊಣಕೈ, ಗಾಜಿನ ಬಳೆಗಳ ಸಮೇತ, ಲ್ಯಾಪ್‌ಟಾಪ್ ಚೀಲಕ್ಕೆ ಒತ್ತುತ್ತಿದೆ, ಒತ್ತಲಿ, ಮಗಳ ಹಳೆಯ ಸ್ವೆಟರಿನಲ್ಲಿ ಸುತ್ತಿಯೇ ಒಳಗಿಟ್ಟದ್ದು, ಏನೂ ಆಗದು, ಆದರೂ ಜಯಲತಾ ಚೀಲವನ್ನು ಎದೆಗೆ ಇನ್ನಷ್ಟು ಅವಚಿಕೊಂಡಳು, ಡೊಂಬಿವ್ಲಿಯಲ್ಲೇ ಮನೆ ಡೊಂಬಿವ್ಲಿಯಲ್ಲೇ ಕೆಲಸ ಆದವಳಿಗೆ ಬೆಳಗಿನ ಲೋಕಲ್ಲಿನ ಲೇಡೀಸ್ ಡಬ್ಬಿ ಎಂದರೆ ಏನೆಂದು ಗೊತ್ತಾದದ್ದೇ ಈ ಎರಡು ವರ್ಷಗಳಲ್ಲಿ, ಎಲ್ಲಿ ಕಾಲಿಡಬೇಕು, ಯಾರು ಯಾವ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ, ಯಾರ ಸೀಟನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು, ಇದೂ ಒಂದು ವಿದ್ಯೆಯೇ, ಇದಕ್ಕೆ ಮಾರ್ಕು ಕೊಡುವವರಿಲ್ಲ ಅಷ್ಟೆ. ಬಲಗೈ ಇನ್ನೂ ಸ್ವಲ್ಪ ಅಂಟಂಟು — ಎದುರುಮನೆಯ ಮರಾಠಿ ಕಾಕೂ ಬಾಗಿಲಲ್ಲೇ ತಡೆದು ಅಂಗೈ ಮೇಲೆ ಮೊಸರು ಸಕ್ಕರೆ ಹಾಕಿದ್ದರು, ಪರೀಕ್ಷೆಗೆ ಹೋಗುವ ಮಕ್ಕಳಿಗೆ ಹಾಕುವ ಹಾಗೆ, ನಲವತ್ತೆರಡರ ಹೆಂಗಸು ಮೆಟ್ಟಿಲ ಮೇಲೆ ನಿಂತು ಅದನ್ನು ನೆಕ್ಕಿದಳು, ಮಗಳು ಅಶ್ಮಿತಾ ಮೇಲಿನಿಂದ ಬಗ್ಗಿ, ಮಮ್ಮಿ ಕಾ ಎಕ್ಸಾಮ್ ಹೈ ಆಜ್, ಎಂದು ಇಡೀ ಬಿಲ್ಡಿಂಗಿಗೆ ಕೇಳುವ ಹಾಗೆ ಸಾರಿದಳು. ಸಾರಲಿ. ಹೌದು, ಮಮ್ಮಿಯದೇ ಪರೀಕ್ಷೆ, ಹನ್ನೊಂದು ಗಂಟೆಗೆ ಖಾರ್‌ಘರ್‌ನ ಯೂನಿವರ್ಸಿಟಿಯಲ್ಲಿ, ಎಂ.ಎಸ್ಸಿ. ಹೆಲ್ತ್ ಇನ್ಫರ್ಮ್ಯಾಟಿಕ್ಸ್, ಕೊನೆಯ ವೈವಾ — ಗಂಡನ ನಾಲಿಗೆಗೆ ಈ ಹೆಸರು ಎರಡು ವರ್ಷವಾದರೂ ಹತ್ತಲಿಲ್ಲ, ಘೋಡಬಂದರ್ ರಸ್ತೆಯ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುವ ಭೋಜ, ದಿನಕ್ಕೆ ಮುನ್ನೂರು ಗಿರಾಕಿಗಳೊಂದಿಗೆ ನಾಲ್ಕು ಭಾಷೆಯಲ್ಲಿ ಮಾತಾಡುವವನು, ಅಲ್ಲ ಲತಾ, ನಿನ್ನದು ಡಾಕ್ಟ್ರದ್ದಾ ಕಂಪ್ಯೂಟರಿನದ್ದಾ, ಯಾರಾದ್ರೂ ಕೇಳಿದ್ರೆ ನಾನು ಎಂತ ಹೇಳ್ಬೇಕು. ಎರಡೂ ಅಲ್ಲ ಎರಡೂ ಹೌದು ಎಂದು ಹೇಳಿ. ಹಾಗೆ ಹೇಳಿದ್ರೆ ಗಿರಾಕಿ ದೋಸೆ ಬಿಟ್ಟು ಎದ್ದು ಹೋದಾನು ಮಾರಾಯ್ತಿ. ಆದರೂ ಹೇಳುತ್ತಾನಂತೆ, ಕೇಳದವರಿಗೂ ಹೇಳುತ್ತಾನಂತೆ.

ದಿವಾ ಬಂತು, ಇಳಿಯುವವರು ನಾಲ್ಕು ಜನ, ಹತ್ತುವವರು ನಲವತ್ತು, ಸರಕೋ ಸರಕೋ, ದಿವಾ ಬಂದಾಗಲೆಲ್ಲ ಸಾಬವ್ವನೂ ಬರುತ್ತಾಳೆ, ಡಬ್ಬಿಯೊಳಕ್ಕಲ್ಲ, ತಲೆಯೊಳಕ್ಕೆ, 2011ರ ಮಾರ್ಚ್ ತಿಂಗಳ ಆ ಮಧ್ಯಾಹ್ನದ ಸ್ಟ್ರೆಚರಿನ ಸಮೇತ. ಜಯಲತಾ ಅಂದಿನ ಅಡ್ಮಿಷನ್ ಪಟ್ಟಿ ತರಲೆಂದು ತಾನು ಗುಮಾಸ್ತೆಯಾಗಿರುವ ಆಸ್ಪತ್ರೆಯ ನೆಲಮಾಳಿಗೆಯ ರೆಕಾರ್ಡ್ ರೂಮಿನಿಂದ ಮೇಲೆ ಕೌಂಟರಿಗೆ ಬಂದಿದ್ದಳು, ಕಾಲು ಬಾತು ಕೀವಾಗಿ ಜ್ವರದಲ್ಲಿ ಕಣ್ಣು ಬಿಡದೆ ಮಲಗಿದ್ದ ಹೆಂಗಸು, ಪಕ್ಕದಲ್ಲಿ ಹೊಸದಾಗಿ ಮದುವೆಯಾಗಿ ಬಂದ ಸೊಸೆ, ಮರಾಠಿ ಬಾರದು ಹಿಂದಿ ಬಾರದು, ನಮ್ಮತ್ತಿರಿ, ಸಾಬವ್ವ ಅಂತರಿ, ಮಾವನ ಹೆಸರು ಗುರುವಪ್ಪ, ನಾವು ಇಂಡಿ ಕಡೇರು, ಈಗ ದಿವಾದಾಗ ನೀರಿನ ಟಾಕಿ ಹಿಂದ ಇರತೀವಿ. ಕೌಂಟರಿನವನು ಕಿವಿಗೆ ಬಿದ್ದಷ್ಟನ್ನು ತನಗೆ ತಿಳಿದ ಹಾಗೆ ಒತ್ತಿದ, ಸಾಯಬಾಬಾಯಿ, ಕಂಪ್ಯೂಟರು ಅರೆಗಳಿಗೆ ಸುಮ್ಮನಿದ್ದು ಇಂಥವರು ಯಾರೂ ಇಲ್ಲ ಎಂದಿತು, ಹೊಸ ಪೇಶಂಟು, ಹೊಸ ನಂಬರು, ಹೊಸ ಫೈಲು, ಮೂರನೇ ಮಹಡಿಗೆ ಒಯ್ಯಿರಿ. ಜಯಲತಾ ಪಟ್ಟಿ ಹಿಡಿದು ಕೆಳಗಿಳಿದಳು, ಹನ್ನೆರಡು ಮೆಟ್ಟಿಲು, ಎಂಟನೆಯದರಲ್ಲಿ ಕಾಲು ನಿಂತಿತು — ಗುರುವಪ್ಪ. ನೀರಿನ ಟಾಕಿ. ಎಲ್ಲೋ ಓದಿದ್ದೇನೆ, ಓದಿ ಒಮ್ಮೆ ನಕ್ಕಿದ್ದೇನೆ, ಯಾಕೆ ನಕ್ಕೆ — ಶಬಾನಾ, ಗಂಡನ ಹೆಸರು ಗುರುವಪ್ಪ, ಇದೆಂಥ ಜೋಡಿ ಎಂದು ಫೈಲು ಕಪಾಟಿಗೆ ಸೇರಿಸುವಾಗ ನಕ್ಕಿದ್ದು, ಮೂರು ವರ್ಷದ ಹಿಂದೆ, ಆ ಶಬಾನಾ ಈ ಸಾಬವ್ವನೇ. ಅವಳಿಗೆ ರೋಗಿಗಳ ಮುಖ ಗೊತ್ತಿಲ್ಲ, ಫೈಲುಗಳ ಮುಖ ಗೊತ್ತು, ಬಲಗಡೆ ಏಳನೇ ಕಪಾಟು, ಮೇಲಿಂದ ಮೂರನೇ ಅಂಕಣ, ಧೂಳು, ದಾರ, ತೆಗೆದರೆ ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಡಾಕ್ಟರರ ಕೈಬರಹ, ಪೆನ್ಸಿಲಿನ್ ಕೊಡಲೇಬಾರದು, ಕೊಟ್ಟು ಎರಡು ದಿನ ಐಸಿಯುನಲ್ಲಿ ಇಡಬೇಕಾಯಿತು. ಫೋನ್ ಮಾಡಿದರೆ ಮೂರನೇ ಮಹಡಿಯಲ್ಲಿ ಯಾರೂ ಎತ್ತಲಿಲ್ಲ, ಲಿಫ್ಟು ಮೇಲೆಲ್ಲೋ ಇತ್ತು, ಅವಳು ಓಡಿದಳು, ಮೂವತ್ತೆಂಟು ವರ್ಷದವಳು ಸೀರೆ ಎತ್ತಿ ಹಿಡಿದು, ಒಂದು ಚಪ್ಪಲಿ ಎರಡನೇ ಮಹಡಿಯಲ್ಲಿ ಉಳಿಯಿತು, ವಾರ್ಡಿನ ಬಾಗಿಲಿಗೆ ಬರುವಷ್ಟರಲ್ಲಿ ಸಿಸ್ಟರ್ ಸಿರಿಂಜನ್ನು ಮೇಲೆತ್ತಿ ಗಾಳಿಯ ಗುಳ್ಳೆ ತೆಗೆಯುತ್ತಿದ್ದರು, ಥಾಂಬಾ ಸಿಸ್ಟರ್, ಥಾಂಬಾ, ಅದನ್ನು ಕೊಡಬೇಡಿ — ಅಷ್ಟೇ ಹೇಳಲಿಕ್ಕೆ ಉಸಿರು ಉಳಿದಿತ್ತು, ಮಿಕ್ಕದ್ದನ್ನು ಕೆಂಪು ಶಾಯಿ ಹೇಳಿತು.

ಔಷಧಿ ಬದಲಾಯಿತು, ಒಂಬತ್ತನೇ ದಿನ ಸಾಬವ್ವ ಕುಂಟುತ್ತ, ಆದರೆ ತನ್ನ ಕಾಲ ಮೇಲೆಯೇ, ನೆಲಮಾಳಿಗೆಗೆ ಇಳಿದು ಬಂದಳು, ಹತ್ತೊಂಬತ್ತು ವರ್ಷದಲ್ಲಿ ಆ ಮೆಟ್ಟಿಲು ಇಳಿದು ಬಂದ ರೋಗಿ ಅವಳೊಬ್ಬಳೇ, ನೀನೇನವಾ ಅವತ್ತು ಓಡಿ ಬಂದಾಕಿ. ಹೌದಮ್ಮ. ಸಾಬವ್ವ ಅವಳ ಎರಡೂ ಕೆನ್ನೆ ಸವರಿ ತನ್ನ ಹಣೆಗೆ ಒತ್ತಿ ನೆಟಿಗೆ ಮುರಿದಳು, ಆಮೇಲೆ ಮೇಜಿನ ಮೇಲಿದ್ದ ಎರಡು ಫೈಲು ನೋಡಿ, ಎರಡೂ ನಂದೇನು, ನಾ ಇರಾಕಿ ಒಬ್ಬಾಕಿ, ಈ ಸಲರ ಹೆಸರ ಸರಿ ಬರಕೋವಾ, ಎಂದಳು, ಜಯಲತಾ ಎರಡೂ ರಟ್ಟಿನ ಮೇಲೆ ಕನ್ನಡದಲ್ಲೇ ದೊಡ್ಡದಾಗಿ ಬರೆದಳು, ಮೂರು ಅಕ್ಷರ, ಸಾಬವ್ವ. ಡಾಕ್ಟರು ಒಳ್ಳೆಯ ನೆನಪಿನ ಶಕ್ತಿ ನಿಮ್ಮದು ಎಂದರು, ಆಡಳಿತಾಧಿಕಾರಿ ಸಾಹೇಬರು ಎಲ್ಲರೆದುರು ಹೂಗುಚ್ಛ ಕೊಟ್ಟು ಫೋಟೋ ತೆಗೆಸಿದರು, ನೋಡಿ, ಕಂಪ್ಯೂಟರಿಗೆ ಆಗದ್ದು ನಮ್ಮ ಲತಾ ತಾಯಿಗೆ ಆಗುತ್ತದೆ, ಎಲ್ಲರೂ ಚಪ್ಪಾಳೆ ತಟ್ಟಿದರು, ಆ ಚಪ್ಪಾಳೆಯ ನಡುವೆ ಅವಳಿಗೆ ಹೊಳೆದದ್ದು ಬೇರೆ, ಅವತ್ತು ನಾನು ರಜೆಯಲ್ಲಿದ್ದಿದ್ದರೆ. ಹಿಂದಿನ ದಿನವಷ್ಟೇ ರಜೆಯಲ್ಲಿದ್ದಳು, ಮಗಳ ಶಾಲೆಯ ಮೀಟಿಂಗ್ ಎಂದು. ಒಂದು ಜೀವ ಒಬ್ಬ ಗುಮಾಸ್ತೆಯ ರಜೆ ಅರ್ಜಿಗೆ ನೇತುಬಿದ್ದಿರಬೇಕೇ, ನನ್ನ ತಲೆಯಲ್ಲಿರುವುದು ಕೌಂಟರಿನ ಆ ಪೆಟ್ಟಿಗೆಯ ತಲೆಯಲ್ಲಿ ಯಾಕಿರಬಾರದು — ಯಾರನ್ನು ಕೇಳುವುದು, ಯಾವ ಪುಸ್ತಕದಲ್ಲಿದೆ ಎಂದೇ ತಿಳಿಯದೆ ಎರಡು ವರ್ಷ ಕಳೆಯಿತು, ಒಂದು ದಿನ ಆಸ್ಪತ್ರೆಯ ನೋಟಿಸ್ ಬೋರ್ಡಿನಲ್ಲಿ ಯಾರೋ ಅಂಟಿಸಿದ ಕಾಗದ, ಕೆಲಸದಲ್ಲಿರುವವರಿಗಾಗಿ, ಶುಕ್ರವಾರ ಮತ್ತು ಶನಿವಾರ, ಯಾವುದೇ ಪದವಿ ಇದ್ದರೂ ಸಾಕು, ಅವಳ ಬಿ.ಎಸ್ಸಿ. ಸರ್ಟಿಫಿಕೇಟು ಕಪಾಟಿನ ತಳದಲ್ಲಿ ಪ್ಲಾಸ್ಟಿಕ್ಕಿನೊಳಗೆ ಇಪ್ಪತ್ತು ವರ್ಷದಿಂದ ನಿದ್ದೆ ಮಾಡುತ್ತಿತ್ತು.

ಮುಂಬ್ರಾದ ಗುಡ್ಡ ಕಿಟಕಿಯ ಆಚೆ ಬಂದು ನಿಂತು ಹಿಂದೆ ಸರಿಯಿತು, ಖಾಡಿಯ ಉಪ್ಪು ನೀರಿನ ವಾಸನೆ, ಈ ತಿರುವಿನಲ್ಲೇ ಅಲ್ಲವೇ ಮೊದಲ ಸೆಮಿಸ್ಟರಿನ ಫಲಿತಾಂಶ ಫೋನಿನಲ್ಲಿ ಬಂದದ್ದು, ಸಂಖ್ಯಾಶಾಸ್ತ್ರ ಮೂವತ್ತೊಂದು, ನಪಾಸು, ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ ಹುಡುಗಿಯರ ತರಗತಿಯಲ್ಲಿ ನಪಾಸಾದವಳು ಅವಳೊಬ್ಬಳೇ, ಮನೆಗೆ ಹೋಗಿ ಹೇಳದೆ ಅಕ್ಕಿ ತೊಳೆಯುತ್ತ ನಿಂತಿದ್ದಳು, ಭೋಜ ಬಂದು ಪಾತ್ರೆಯೊಳಗೆ ನೋಡಿ, ಎಷ್ಟು ಸಲ ತೊಳಿತಿ, ಅಕ್ಕಿ ಸವೆದು ಹೋದೀತು, ಎಂತಾಯ್ತು, ಎಂದ. ನಪಾಸಾದೆ. ಎಷ್ಟು ಪೇಪರು ಪಾಸು. ನಾಲ್ಕು. ನಾಲ್ಕು ಪಾಸಾದದ್ದು ಯಾರು ಮತ್ತೆ, ಪಕ್ಕದ ಮನೆಯವಳಾ. ಅಷ್ಟೇ ಹೇಳಿ ಪಾತ್ರೆ ಕಿತ್ತುಕೊಂಡು ತಾನೇ ಅನ್ನಕ್ಕಿಟ್ಟ, ಅವತ್ತಿನಿಂದ ಶುಕ್ರವಾರ ಶನಿವಾರದ ಅಡುಗೆ ಅವನದೇ, ಹೋಟೆಲಿನ ಮಂದಿಗೆ ಹೇಳಬೇಡ ಎಂಬ ಷರತ್ತಿನ ಮೇಲೆ. ಅಶ್ಮಿತಾ ತನ್ನ ಗಣಿತದ ನೋಟ್ಸಿನ ಪಕ್ಕದಲ್ಲಿ ಅಮ್ಮನ ಪುಸ್ತಕ ತೆರೆದು ಕೂರಿಸಿದಳು, ಮೀನ್ ಅಲಗ್, ಮೀಡಿಯನ್ ಅಲಗ್, ಮಮ್ಮಿ ಧ್ಯಾನ್ ದೇ, ಪ್ರೋಗ್ರಾಂ ಬರೆಯುವಾಗ ಹಿಂದೆ ನಿಂತು, ತೂ ಫಿರ್ ಬ್ರ್ಯಾಕೆಟ್ ಭೂಲ್ ಗಯೀ, ಎರಡನೇ ಸಲ ಸಂಖ್ಯಾಶಾಸ್ತ್ರದಲ್ಲಿ ಅರವತ್ತೆಂಟು ಬಂದಾಗ ಆ ಹುಡುಗಿ ತನ್ನದೇ ಮಾರ್ಕು ಎಂಬಂತೆ ಗೆಳತಿಯರಿಗೆಲ್ಲ ಮೆಸೇಜು ಕಳಿಸಿದಳು. ಇನ್ನು ಪ್ರಾಜಕ್ತಾ ಮೇಡಂ, ಗೈಡು, ಮೂವತ್ತು ತುಂಬಿಲ್ಲ, ಕಲ್ಯಾಣದಲ್ಲಿ ಹುಟ್ಟಿ ಬೆಳೆದ ಕಲಬುರ್ಗಿಯವರ ಮಗಳು, ಅರ್ಧ ಮರಾಠಿ ಅರ್ಧ ಮನೆಯ ಕನ್ನಡ, ಮೊದಲ ದಿನ ಮೇಡಂ ಎಂದು ಕರೆದಾಗ ಮುಜುಗರಪಟ್ಟು, ನೀವು ನಮ್ಮವ್ವನ ವಾರಗಿ ಇದ್ದೀರಿ, ಹಂಗ ಅನಬ್ಯಾಡ್ರಿ, ಎಂದಿದ್ದವರು, ಪ್ರಬಂಧಕ್ಕೆ ಏನು ವಿಷಯ ಎಂದು ಕೇಳಿದಾಗ ಸಾಬವ್ವನ ಕಥೆಯನ್ನು ಪೂರ್ತಿ ಕೇಳಿ, ಇದಕ್ಕಿಂತ ಬ್ಯಾರೆ ವಿಷಯ ಯಾಕ ಬೇಕು ನಿಮಗ, ಎಂದು ಪೆನ್ನು ಮುಚ್ಚಿಟ್ಟಿದ್ದರು.

ಠಾಣೆಯಲ್ಲಿ ಇಳಿದು ಸೇತುವೆ ಹತ್ತಿ ಇಳಿದು ಪನ್ವೇಲ್ ಗಾಡಿ, ಇಲ್ಲಿ ಸೀಟು ಸಿಕ್ಕಿತು, ಐರೋಲಿ, ರಬಾಳೆ, ಘನ್ಸೋಲಿ, ತುಟಿಯೊಳಗೇ ಉತ್ತರಗಳನ್ನು ಹೇಳಿಕೊಳ್ಳುತ್ತ — ನಲವತ್ತೊಂದು ಸಾವಿರ ದಾಖಲೆ, ಅವುಗಳಲ್ಲಿ ಒಬ್ಬರದೇ ಎರಡು ಮೂರು ಆದವು ಮೂರು ಸಾವಿರದ ಇನ್ನೂರು, ಮಂಗಳೂರು ಕಡೆಯವರ ಹೆಸರು, ಇಂಡಿ ಕಡೆಯವರ ಹೆಸರು, ಮರಾಠಿ ಕಿವಿಯಲ್ಲಿ ಇಳಿದು ಇಂಗ್ಲಿಷ್ ಕೀಬೋರ್ಡಿನಲ್ಲಿ ಹತ್ತಿ ಬರುವಾಗ ಹೇಗೆ ಹೇಗೆ ಮುರಿಯುತ್ತವೆ, ಯಾವ ಅಕ್ಷರ ಬೀಳುತ್ತದೆ, ಅವ್ವ ಹೇಗೆ ಬಾಯಿ ಆಗುತ್ತದೆ, ವಯಸ್ಸು ಕೇಳಿದರೆ ಎಲ್ಲರೂ ಯಾಕೆ ನಲವತ್ತೈದು ಇಲ್ಲವೇ ಐವತ್ತು — ಹತ್ತೊಂಬತ್ತು ವರ್ಷ ಕೈಯಲ್ಲಿ ಮುಟ್ಟಿ ತಿಳಿದದ್ದನ್ನೆಲ್ಲ ಒಂದೊಂದು ನಿಯಮವಾಗಿ ಬರೆದು ಪ್ರೋಗ್ರಾಂ ಮಾಡಿದ್ದು, ಒಬ್ಬರದೇ ಫೈಲುಗಳನ್ನು ಅದು ಹುಡುಕಿ ಸೇರಿಸುತ್ತದೆ, ಇಂಥದ್ದನ್ನು ಬರೆದಿಟ್ಟವರು ಅವಳಿಗೆ ತಿಳಿದ ಮಟ್ಟಿಗೆ ಯಾರೂ ಇಲ್ಲ, ಈ ಮಾತನ್ನು ಜೋರಾಗಿ ಹೇಳಲು ನಾಚಿಕೆ, ಒಳಗೊಳಗೇ ಹೇಳಿಕೊಳ್ಳಲು ಏನಡ್ಡಿ. ಆದರೆ ಆಡಳಿತಾಧಿಕಾರಿ ಸಾಹೇಬರು ಕಳೆದ ವಾರ ಕೈ ಕಟ್ಟಿ ಹೇಳಿದ್ದೂ ಕಿವಿಯಲ್ಲಿದೆ, ಲತಾ ತಾಯಿ, ಹೊರಗಿನ ಪರೀಕ್ಷಕರು ಇದು ಸರಿ ಎಂದು ಬರೆದುಕೊಟ್ಟರೆ ಸೋಮವಾರದಿಂದ ಕೌಂಟರಿನಲ್ಲಿ ಹಾಕೋಣ, ಇಲ್ಲವೆಂದರೆ ನನ್ನನ್ನು ಕೇಳಬೇಡಿ, ನೀವುಂಟು ನಿಮ್ಮ ರೆಕಾರ್ಡ್ ರೂಮುಂಟು. ಡಿಗ್ರಿ ಹೋದರೆ ಮತ್ತೆ ಬರೆಯಬಹುದು, ಈ ಪ್ರೋಗ್ರಾಂ ಬೇಡವೆಂದಾದರೆ ಕೌಂಟರಿಗೆ ಇನ್ನೊಬ್ಬ ಸಾಬವ್ವ ಬರುತ್ತಾಳೆ, ನಾನು ರಜೆಯಲ್ಲಿರುತ್ತೇನೆ.

ಗಾಜಿನ ಕಟ್ಟಡ, ಕಾರ್ಡು ತೋರಿಸಿದರೆ ತೆರೆಯುವ ಬಾಗಿಲು, ನಾಲ್ಕನೇ ಮಹಡಿ, ಎಸಿಯ ತಣ್ಣನೆಯಲ್ಲಿ ಉದ್ದನೆಯ ಮೇಜು, ಅದರ ತುದಿಯಲ್ಲಿ ಹೊರಗಿನ ಪರೀಕ್ಷಕರು, ಡಾಕ್ಟರ್ ಪುಂಡರೀಕಾಕ್ಷ, ಅರವತ್ತರ ಆಸುಪಾಸು, ಬಿಳಿ ಅರ್ಧತೋಳಿನ ಅಂಗಿ, ಪ್ರಬಂಧದ ತುಂಬ ಹಳದಿ ಚೀಟಿಗಳು, ಅಷ್ಟೊಂದು ಚೀಟಿ ಯಾಕೆ. ಅವಳು ಇಪ್ಪತ್ತು ನಿಮಿಷ ಮಾತಾಡಿದಳು, ಅವರು ತಲೆಯೆತ್ತಲಿಲ್ಲ, ಮುಗಿದ ಮೇಲೆ ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದರು, ಇದೆಲ್ಲ ಒಬ್ಬ ಒಳ್ಳೆಯ ಗುಮಾಸ್ತ ಮಾಡುವ ಕೆಲಸವೇ ಅಲ್ಲವೇ, ಇದರಲ್ಲಿ ಸಂಶೋಧನೆ ಎಲ್ಲಿದೆ. ಮೂಲೆಯಲ್ಲಿ ಪ್ರಾಜಕ್ತಾ ಮೇಡಂ ಅಂಗೈಗಳನ್ನು ಒಂದಕ್ಕೊಂದು ಒತ್ತಿ ಹಿಡಿದದ್ದು ಕಾಣುತ್ತಿತ್ತು, ಗುಮಾಸ್ತ ಎಂಬ ಮಾತು ಬಿದ್ದ ಕೂಡಲೇ ಯಾಕೋ ಜಯಲತಾಳ ಬೆನ್ನು ನೆಟ್ಟಗಾಯಿತು, ಹೌದು ಸರ್, ಗುಮಾಸ್ತೆಯದೇ ಕೆಲಸ, ನಾನೇ ಆ ಗುಮಾಸ್ತೆ, ಒಳ್ಳೆಯ ಗುಮಾಸ್ತ ದಿನಕ್ಕೆ ಎಂಟು ಗಂಟೆ ಇರುತ್ತಾನೆ, ಕಾಯಿಲೆ ಬೀಳುತ್ತಾನೆ, ನಿವೃತ್ತನಾಗುತ್ತಾನೆ, ಅವನು ಏನು ನೋಡಿ ಹೇಗೆ ಗುರುತು ಹಿಡಿಯುತ್ತಾನೆ ಎಂದು ಯಾರೂ ಅವನನ್ನು ಕೇಳಿರಲಿಲ್ಲ, ನಾನು ಕೇಳಿದೆ, ನನ್ನನ್ನೇ ಕೇಳಿಕೊಂಡೆ, ಎಷ್ಟು ಸಲ ಸರಿ ಎಷ್ಟು ಸಲ ತಪ್ಪು ಎಂದು ಅಳೆದೆ, ಐದನೇ ಅಧ್ಯಾಯದಲ್ಲಿದೆ. ಅವರು ಮೊದಲ ಸಲ ತಲೆಯೆತ್ತಿದರು. ಸರಿ, ನನ್ನ ಹೆಸರು ಹಾಕಿ ನೋಡೋಣ, ಜನ್ಮದಲ್ಲಿ ಒಂದೇ ಒಂದು ಆಸ್ಪತ್ರೆಯೂ ನನ್ನ ಹೆಸರನ್ನು ಸರಿಯಾಗಿ ಬರೆದಿಲ್ಲ, ಎಂದು ಐದು ರೂಪ ಹೇಳಿದರು, ಪುಂಡಲೀಕ ಅಕ್ಷಯ್, ಪುಂಡ್ರಿಕಾಶ, ಪುಂಡರಿ ಕಾಕ್ಷಾ, ಪಿ. ರಿಕಾಕ್ಷ, ಐದನೆಯದು ಪುಣೆಯದು, ಪಂಢರಿ ಕಾಕಾ, ಅದರಲ್ಲಿ ಹುಟ್ಟಿದ ವರ್ಷವೂ ತಪ್ಪು — ಮೇಜಿನ ಸುತ್ತ ಎಲ್ಲರೂ ನಕ್ಕರು, ಅವಳೂ ನಗುತ್ತಲೇ ಟೈಪು ಮಾಡಿದಳು, ಪರದೆಯ ಮೇಲೆ ನಾಲ್ಕು ಸಾಲು ಒಂದರ ಹಿಂದೊಂದು ಸರಿದು ಅವರ ಸರಿಯಾದ ಹೆಸರಿನ ಕೆಳಗೆ ಸೇರಿದವು, ಪಂಢರಿ ಕಾಕಾ ಸೇರಲಿಲ್ಲ, ಹೊರಗೇ ನಿಂತ.

ಇದನ್ನು ಬಿಟ್ಟಿತಲ್ಲ, ಎಂದರು ಪುಂಡರೀಕಾಕ್ಷ, ನಗು ನಿಂತಿತು. ಒಂದು ಕ್ಷಣ ಅವಳಿಗೆ ಏನೇನೋ ಸಬೂಬು ತೋಚಿತು, ಹುಟ್ಟಿದ ವರ್ಷ ತಪ್ಪಿತ್ತು, ಹೆಸರು ಪೂರ್ತಿಯಿರಲಿಲ್ಲ, ಯಾವುದನ್ನೂ ಹೇಳಲಿಲ್ಲ. ಬಿಟ್ಟಿಲ್ಲ ಸರ್, ಮೂರನೇ ಡಬ್ಬಿಗೆ ಹಾಕಿದೆ, ನೋಡಿ, ಒಬ್ಬರೇ ಎನ್ನುವುದು ಒಂದು ಡಬ್ಬಿ, ಬೇರೆ ಬೇರೆ ಎನ್ನುವುದು ಒಂದು, ಇದು ಕೇಳಿ ನೋಡಿ ಎನ್ನುವ ಡಬ್ಬಿ. ಇದು ಬಂದರೆ ಕೌಂಟರಿನವರು ಎದ್ದು ಹೋಗಿ ರೋಗಿಯನ್ನು ಕೇಳಬೇಕು, ಅವರ ಭಾಷೆ ಬರುವವರನ್ನು ಕರೆದಾದರೂ ಕೇಳಬೇಕು, ಕೇಳದೆ ಮುಂದಕ್ಕೆ ಹೋಗಲು ಕಂಪ್ಯೂಟರು ಬಿಡುವುದಿಲ್ಲ. ಒಬ್ಬರ ಫೈಲು ಎರಡಾದರೆ ಕಷ್ಟ, ಇಬ್ಬರ ಫೈಲು ಒಂದಾದರೆ ಅದಕ್ಕಿಂತ ಕಷ್ಟ, ಒಬ್ಬರ ರಕ್ತದ ಗುಂಪು ಇನ್ನೊಬ್ಬರಿಗೆ ಹೋಗುತ್ತದೆ, ಗೊತ್ತಿಲ್ಲದಾಗ ಗೊತ್ತಿಲ್ಲ ಎನ್ನುವುದನ್ನು ನಾನು ಅದಕ್ಕೆ ಕಲಿಸಿದ್ದೇನೆ ಸರ್. ಪುಂಡರೀಕಾಕ್ಷ ಹಳದಿ ಚೀಟಿಗಳನ್ನು ಒಂದೊಂದಾಗಿ ಕಿತ್ತು ಮೇಜಿನ ಅಂಚಿಗೆ ಅಂಟಿಸತೊಡಗಿದರು, ಹನ್ನೊಂದೋ ಹನ್ನೆರಡೋ, ಆಮೇಲೆ ಕನ್ನಡದಲ್ಲಿ, ಯಾವ ಊರಮ್ಮ ನಿಮ್ದು. ಅವರು ಏನು ನಿರೀಕ್ಷಿಸಿದ್ದರೋ, ಉಡುಪಿಯೋ ಕಾಪುವೋ, ಅಮ್ಮನ ಮನೆ ಅಲ್ಲೇ, ವರ್ಷಕ್ಕೊಮ್ಮೆ ಹೋಗುವುದೂ ಉಂಟು, ಆದರೆ ಬಾಯಿಗೆ ಬಂದದ್ದು ಬೇರೆ, ಡೊಂಬಿವ್ಲಿ ಸರ್. ಡೊಂಬಿವ್ಲಿ, ಎಂದು ಅವರೂ ಒಮ್ಮೆ ಹೇಳಿ ನೋಡಿದರು, ಹೊಸ ಪದವೊಂದನ್ನು ಹೇಳುವ ಹಾಗೆ, ಸ್ವಲ್ಪ ಹೊರಗೆ ಕೂತಿರಿ.

ಹೊರಗಿನ ಬೆಂಚು, ಕಿಟಕಿಯಲ್ಲಿ ಮೇ ತಿಂಗಳ ಬೋಳು ಗುಡ್ಡ, ಭೋಜನ ಮೂರು ಮಿಸ್ಡ್ ಕಾಲ್, ಈಗ ಬೇಡ, ಹದಿನೈದು ನಿಮಿಷ, ಇಪ್ಪತ್ತು, ಬಾಗಿಲು ತೆರೆದು ಪ್ರಾಜಕ್ತಾ ಮೇಡಂ ಬಂದರು, ಮುಖದಲ್ಲಿ ಏನೂ ತೋರಿಸಬಾರದೆಂಬ ಪ್ರಯತ್ನ, ಕಣ್ಣಿನಲ್ಲಿ ಎಲ್ಲ ತೋರುತ್ತಿತ್ತು, ಬರ್ರಿ ಒಳಗ. ಅವಳು ಒಳಗೆ ಕಾಲಿಟ್ಟಳು. ಆಗಲೇ ಅದು ನಡೆದದ್ದು, ಪುಂಡರೀಕಾಕ್ಷ ಎದ್ದು ನಿಂತರು. ಏನೋ ಎತ್ತಿಕೊಳ್ಳಲು ಎದ್ದಿರಬೇಕು ಎಂದುಕೊಂಡಳು, ಹಾಗಲ್ಲ, ಅವಳು ಒಳಗೆ ಬಂದಳೆಂದೇ ಎದ್ದರು, ಅವರ ಚಕ್ರದ ಕುರ್ಚಿ ಹಿಂದಕ್ಕೆ ಉರುಳಿ ಗೋಡೆಗೆ ತಾಗಿ ಅರ್ಧ ಸುತ್ತು ತಿರುಗಿ ನಿಂತಿತು, ಅವರನ್ನು ನೋಡಿ ಮೇಜಿನ ಸುತ್ತಲಿದ್ದವರೂ ಒಬ್ಬೊಬ್ಬರಾಗಿ ಎದ್ದರು. ಅಭಿನಂದನೆಗಳು, ಪಾಸಾಗಿದ್ದೀರಿ, ಡಿಸ್ಟಿಂಕ್ಷನ್, ನಿಮ್ಮ ಆಸ್ಪತ್ರೆಗೆ ಪತ್ರ ಇವತ್ತೇ ಬರೆದುಕೊಡುತ್ತೇನೆ, ಒಂದು ಷರತ್ತು, ಆ ಮೂರನೇ ಡಬ್ಬಿಯನ್ನು ಯಾರು ಹೇಳಿದರೂ ತೆಗೆಯಬೇಡಿ. ತೆಗೆಯುವುದಿಲ್ಲ ಸರ್. ಜೂನ್‌ನಲ್ಲಿ ಹೊಸ ಬ್ಯಾಚು ಬರುತ್ತದೆ, ಅವರಿಗೆ ಮೊದಲ ಪಾಠ ನೀವು ಮಾಡಬೇಕೆಂದು ಇವರಿಗೆ ಹೇಳಿದ್ದೇನೆ. ಅವಳು ತಲೆಯಾಡಿಸಿದಳು, ಏನಕ್ಕೆ ತಲೆಯಾಡಿಸಿದೆ ಎಂಬುದು ಲಿಫ್ಟಿನಲ್ಲಿ ಇಳಿಯುವಾಗ ಅರ್ಥವಾಯಿತು.

ಮಧ್ಯಾಹ್ನದ ಗಾಡಿ ಅರ್ಧ ಖಾಲಿ, ಕಿಟಕಿಯ ಸೀಟು, ಚೀಲದೊಳಗೆ ಸ್ವೆಟರಿನ ಮೇಲೆ ಲಕೋಟೆ, ಭೋಜನಿಗೆ ಫೋನು ಮಾಡಿದಳು, ಹೋಟೆಲಿನ ಗದ್ದಲ, ಎರಡು ಮಸಾಲೆ ಒಂದು ಇಡ್ಲಿ, ಪಾಸಾ, ಪಾಸು, ಡಿಸ್ಟಿಂಕ್ಷನ್ ಉಂಟು, ಆ ಕಡೆ ಫೋನು ಕಿವಿಯಿಂದ ದೂರ ಹೋದ ಸದ್ದು, ಯಾರಿಗೋ ಹಿಂದಿಯಲ್ಲಿ ಹೇಳುತ್ತಿದ್ದಾನೆ, ಮೇರಿ ಮಿಸೆಸ್, ಯೂನಿವರ್ಸಿಟಿ, ಹೆಲ್ತ್ ಇನ್ಫರ್ಮ್ಯಾಟಿಕ್ಸ್, ಒಂದೂ ತಪ್ಪಿಲ್ಲದೆ, ಅಂದರೆ ಒಬ್ಬನೇ ಕೂತು ಅಭ್ಯಾಸ ಮಾಡಿದ್ದಾನೆ, ಯಾವಾಗ ಮಾಡಿದನೋ. ನೆರೂಳ್ ದಾಟಿತು. ಸೋಮವಾರ ಕೌಂಟರಿನವನಿಗೆ ಹೇಳಿಕೊಡಬೇಕು, ಮೊದಲ ಎರಡು ದಿನ ಪಕ್ಕದಲ್ಲೇ ಕುಳಿತು — ಕುರ್ಚಿ ಹಿಂದಕ್ಕೆ ಉರುಳಿತು, ಅರ್ಧ ಸುತ್ತು ತಿರುಗಿತು. ಅಶ್ಮಿತಾಳ ಫಲಿತಾಂಶ ಬರುವ ತಿಂಗಳು, ಅವಳಿಗೂ ಕಾಕೂಗೂ ಏನಾದರೂ ಸಿಹಿ ಒಯ್ಯಬೇಕು, ಠಾಣೆ ಸ್ಟೇಷನ್ನಿನ ಹೊರಗಿನ ಅಂಗಡಿಯಲ್ಲಿ ಪೇಡಾ ಚೆನ್ನಾಗಿರುತ್ತದೆ, ಎಷ್ಟು ಜನ ಡಾಕ್ಟರರ ಕೋಣೆಗೆ ಎಷ್ಟು ಸಾವಿರ ಫೈಲು ಒಯ್ದಿದ್ದೇನೆ, ಇಡಿ ಅಲ್ಲಿ ಎನ್ನುತ್ತಾರೆ, ಕಣ್ಣೆತ್ತುವುದಿಲ್ಲ, ಅವರ ತಪ್ಪಲ್ಲ, ಪುರುಸೊತ್ತಿಲ್ಲ, ಇವರು ಎದ್ದರು, ಕುರ್ಚಿ ಹಿಂದಕ್ಕೆ ಉರುಳಿತು. ಜೂನ್‌ನಲ್ಲಿ ಹುಡುಗ ಹುಡುಗಿಯರ ಮುಂದೆ ನಿಂತು ಮೊದಲು ಏನು ಹೇಳುವುದು, ಬೋರ್ಡಿನ ಮೇಲೆ ಏನು ಬರೆಯುವುದು, ಯಾವ ಸೀರೆ — ಘನ್ಸೋಲಿಯೋ ರಬಾಳೆಯೋ, ಕಂಪನಿಗಳ ಗೋಡೆಗಳು ಹಿಂದೆ ಸರಿಯುತ್ತಿವೆ, ಅವಳು ಅವನ್ನು ನೋಡುತ್ತಿಲ್ಲ, ತಣ್ಣನೆಯ ಕೋಣೆ, ಬಿಳಿ ಅಂಗಿ, ಎದ್ದು ನಿಂತ ಮನುಷ್ಯ, ಅವರ ಹಿಂದೆ ಗೋಡೆಗೆ ತಾಗಿದ ಖಾಲಿ ಕುರ್ಚಿ, ಇನ್ನೂ ಸ್ವಲ್ಪ ಸ್ವಲ್ಪವೇ ತಿರುಗುತ್ತ.